ಹತ್ತೊಂಬತ್ತು ವರ್ಷದವರು ಹೋಗುವ ಹಡಗು

ಹಡಗಿನ ಹೆಸರು ನೋಡಬೇಡ, ಎಷ್ಟು ರಾತ್ರಿ ಅಂತ ನೋಡು, ಒಳಗಿರುವವರ ವಯಸ್ಸು ತಾನಾಗಿ ತಿಳಿಯುತ್ತದೆ. ಶಿವಮೊಗ್ಗ ಬಸ್ ಸ್ಟ್ಯಾಂಡಿನ ಹತ್ತಿರವಿರುವ ನಮ್ಮ ಟ್ರಾವೆಲ್ಸ್ ಆಫೀಸಿನಲ್ಲಿ ನಾನು ಕ್ರೂಸ್ ಬುಕಿಂಗಿನ ಮೇಜಿಗೆ ಕೂತ ಮೊದಲ ದಿನ ನಮ್ಮ ಮಾಲೀಕರು ಹೇಳಿಕೊಟ್ಟ ಪಾಠ ಅದು. ಮುಂಬೈಯಿಂದ ಹೊರಟು ಗೋವಾ ಮುಟ್ಟಿ ಬರುವ ಎರಡು ಮೂರು ರಾತ್ರಿಯ ಹಡಗು ಹುಡುಗರದ್ದು. ಕಾಲೇಜು ಮುಗಿಸಿದವರು, ಹೊಸದಾಗಿ ಮದುವೆಯಾದವರು, ಸಣ್ಣ ಮಕ್ಕಳ ಅಪ್ಪ ಅಮ್ಮಂದಿರು ಅದರಲ್ಲಿ ತುಂಬಿರುತ್ತಾರೆ. ಸಿಂಗಪುರದಿಂದ ಹೊರಡುವ ಐದಾರು ರಾತ್ರಿಯದರಲ್ಲಿ ನಲವತ್ತು ಐವತ್ತರವರು, ಜೊತೆಗೆ ಹೈಸ್ಕೂಲು ಮಕ್ಕಳು, ಒಬ್ಬ ಅಜ್ಜಿ. ಹತ್ತು ಹದಿನೈದು ರಾತ್ರಿ ಆಯಿತೋ, ರಜೆ ಕೇಳಬೇಕಾಗಿಲ್ಲದ ನಿವೃತ್ತರು. ಯುರೋಪಿನ ನದಿಗಳಲ್ಲಿ ಮೆಲ್ಲಗೆ ಸಾಗುವ ಪುಟ್ಟ ಹಡಗುಗಳಲ್ಲಿ ಬಹುಪಾಲು ತಲೆ ಬೆಳ್ಳಗೇ ಇರುತ್ತದೆ. ತಿಂಗಳುಗಟ್ಟಲೆ ಲೋಕ ಸುತ್ತುವ ಹಡಗಿನಲ್ಲಂತೂ ಡಾಕ್ಟರೇ ಎಲ್ಲರಿಗಿಂತ ಕಿರಿಯ ಎಂದು ಮಾಲೀಕರು ತಮಾಷೆ ಮಾಡುತ್ತಿದ್ದರು.

ಫಾರ್ಮಿನ ವಿಷಯದಲ್ಲಿ ನಾನು ಕಡ್ಡಿ ತುಂಡು ಮಾಡಿದ ಹಾಗೆ ಮಾತಾಡುವವಳು. ಆಧಾರಿನಲ್ಲಿ ಒಂದು ಅಕ್ಷರ, ಟಿಕೆಟ್ಟಿನಲ್ಲಿ ಇನ್ನೊಂದು ಅಕ್ಷರ ಇದ್ದರೆ ಬಂದರಿನ ಗೇಟಿನಲ್ಲೇ ನಿಲ್ಲಿಸುತ್ತಾರೆ. ಹಾಗೆ ನಿಂತವರ ಅಳುವನ್ನು ಫೋನಿನಲ್ಲಿ ಕೇಳಿದ್ದೇನೆ. ಆದ್ದರಿಂದ ಹೆಸರು, ಹುಟ್ಟಿದ ದಿನ, ವಯಸ್ಸು ಈ ಮೂರನ್ನು ಮೂರು ಸಲ ಓದುವುದು ನನ್ನ ರೂಢಿ. ಅಷ್ಟು ಓದಬಾರದಾಗಿತ್ತೇನೋ ಎಂದು ಅನ್ನಿಸಿದ್ದು ಭದ್ರಾವತಿಯ ಕಾಗದನಗರದ ಗುಂಪಿನ ಕೆಲಸ ಹಿಡಿದಾಗ.

ಹದಿನಾರು ಜನ. ಕಾಗದದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು ಮತ್ತು ಅವರ ಹೆಂಡಂದಿರು. ಅವರದೊಂದು ಸಣ್ಣ ಸಂಘ, ಅದಕ್ಕೊಬ್ಬ ವಾಚಾಳಿ ಕಾರ್ಯದರ್ಶಿ. ಫೆಬ್ರುವರಿಯ ಒಂದು ಬೆಳಿಗ್ಗೆ ಅಲ್ಲಿಯ ಸಮುದಾಯ ಭವನದಲ್ಲಿ ಅವರನ್ನು ಕೂರಿಸಿ ಹಡಗುಗಳ ಬಗೆ ವಿವರಿಸಿದೆ. "ನಿಮ್ಮ ವಯಸ್ಸಿನವರಿಗೆ ಸಿಂಗಪುರದ್ದು ಒಳ್ಳೇದು. ಮೂರು ರಾತ್ರಿದು ಬೇಡ, ಅಲ್ಲಿ ಬರೀ ಹುಡುಗರು, ಡಿಜೆ ಹಾಕ್ಕೊಂಡು ಕುಣೀತಾರೆ" ಎಂದೆ. "ನಾವೂ ಕುಣಿಯೋಣ ಬಿಡಿ ಮೇಡಂ, ಅರವತ್ತಕ್ಕೆ ಅರಳುಮರಳು" ಎಂದು ಕಾರ್ಯದರ್ಶಿ ನಗಿಸಿದರು.

ಆಮೇಲೆ ಪಟ್ಟಿ ಹಿಡಿದು ಒಂದೊಂದೇ ಹೆಸರು ಕೂಗಿದೆ. ಹಿಂದಿನ ಸಾಲಿನಲ್ಲಿ ಒಬ್ಬಂಟಿಯಾಗಿ ಕೂತಿದ್ದ ಒಬ್ಬ ಯಜಮಾನರ ಹೆಸರು ಬಂತು. ಬಾಯ್ಲರ್ ವಿಭಾಗದಲ್ಲಿ ದುಡಿದವರು, ಹೆಂಡತಿ ತೀರಿಕೊಂಡು ಒಂದು ವರ್ಷವಾಗಿತ್ತು ಎಂದು ಕಾರ್ಯದರ್ಶಿ ಮೊದಲೇ ಹೇಳಿದ್ದರು. ಹೆಸರು ಕೂಗಿದೆ, ಅವರು ಕೈ ಎತ್ತಲಿಲ್ಲ. ತಿರುಗಿ ಪಕ್ಕದ ಖಾಲಿ ಕುರ್ಚಿಯನ್ನು ನೋಡಿದರು. ಅಲ್ಲಿ ಕೂತವರು ಉತ್ತರ ಕೊಡಲಿ ಎಂದು ಕಾಯುವ ಹಾಗೆ ಒಂದು ಗಳಿಗೆ ಕಾದು, ಆಮೇಲೆ ತಾವೇ ಕೈ ಎತ್ತಿದರು. ಕಿವಿ ಮಂದವಿರಬೇಕು ಎಂದುಕೊಂಡೆ.

ಸಭೆ ಮುಗಿದ ಮೇಲೆ ಅವರು ಹತ್ತಿರ ಬಂದರು. "ಮೇಡಮ್ಮ, ಹತ್ತೊಂಬತ್ತು ವರ್ಷದೋರು ಯಾವ ಹಡಗಲ್ಲಿ ಹೋಗ್ತಾರೆ?"

"ಮೂರು ರಾತ್ರಿದರಲ್ಲೇ ಯಜಮಾನ್ರೆ. ಮೊಮ್ಮಗನ್ನ ಕರ್ಕೊಂಡು ಹೋಗ್ತೀರಾ?"

"ಮಕ್ಕಳೇ ಇಲ್ಲ, ಮೊಮ್ಮಗ ಎಲ್ಲಿಂದ ಬರ್ತಾನೆ" ಎಂದು ನಕ್ಕು, ಕಾರ್ಯದರ್ಶಿಯ ಕಡೆ ಹೋದರು. ಅವತ್ತು ಸಂಜೆಯೇ ಕಾರ್ಯದರ್ಶಿಯ ಫೋನು ಬಂತು. ಮೂರು ರಾತ್ರಿಯದೇ ಇರಲಿ, ಯಜಮಾನರು ಹಟ ಹಿಡಿದಿದ್ದಾರೆ, ಮೂರೇ ದಿನವಲ್ಲವೇ ಎಂದು ಹೆಂಗಸರೂ ಒಪ್ಪಿದ್ದಾರೆ ಎಂದರು. ಮೇ ತಿಂಗಳ ಕೊನೆಯ ವಾರದ ಹಡಗು ಗೊತ್ತು ಮಾಡಿದೆ.

ಆಧಾರ್ ನಕಲುಗಳು ಬಂದಾಗ ನನಗೆ ನಗು ತಡೆಯಲಾಗಲಿಲ್ಲ. ಹದಿನಾರರಲ್ಲಿ ಹನ್ನೊಂದು ಜನ ಹುಟ್ಟಿದ್ದು ಜೂನ್ ಒಂದಕ್ಕೆ. ನಮ್ಮ ಕಡೆ ಇದು ಹೊಸದಲ್ಲ. ಮಗುವನ್ನು ಶಾಲೆಗೆ ಸೇರಿಸಲು ಹೋದಾಗ ಅಪ್ಪನಿಗೆ ಹುಟ್ಟಿದ ದಿನ ನೆನಪಿರುತ್ತಿರಲಿಲ್ಲ, ಹೆಡ್ ಮಾಸ್ಟರು ಮಗುವಿನ ಕೈಯನ್ನು ತಲೆಯ ಮೇಲಿನಿಂದ ಹಾಯಿಸಿ ಕಿವಿ ಮುಟ್ಟಿಸಿ ನೋಡಿ, ಆರು ವರ್ಷ ಎಂದು ತೀರ್ಮಾನಿಸಿ ಜೂನ್ ಒಂದು ಎಂದು ಬರೆದುಬಿಡುತ್ತಿದ್ದರು. ನಮ್ಮಪ್ಪನ ಹುಟ್ಟುಹಬ್ಬವೂ ಅದೇ. ಬಾಯ್ಲರ್ ಯಜಮಾನರದೂ ಜೂನ್ ಒಂದು, ವಯಸ್ಸು ಎಪ್ಪತ್ತೊಂಬತ್ತು. ಅವರ ಫಾರ್ಮಿನಲ್ಲಿ ಒಂದು ಸಹಿ ಬಿಟ್ಟುಹೋಗಿತ್ತು.

ಸಹಿ ಹಾಕಿಸಲು ನಾನೇ ಹೋದೆ. ಅವರ ಎರಡು ಕೋಣೆಯ ಮನೆ ಕಾಗದನಗರದ ಅಂಚಿನಲ್ಲಿತ್ತು, ದಾರಿಯುದ್ದಕ್ಕೂ ಖಾಲಿ ಕ್ವಾರ್ಟರ್ಸ್. ಕಾರ್ಖಾನೆ ನಿಂತ ಮೇಲೆ ಜನ ಬಿಟ್ಟುಹೋದ ಮನೆಗಳು. ಮಧ್ಯಾಹ್ನ ಮೂರರ ಬಿಸಿಲು. ಸಾಲುಸಾಲಾಗಿ ಒಂದೇ ಥರದ ಬಾಗಿಲು, ಬಾಗಿಲ ಮೇಲೆ ನಂಬರು, ಒಳಗೆ ಸೀಗೆಪುಡಿಯ ಡಬ್ಬ ಇಡುವ ಗೂಡು, ಗೋಡೆಯ ಮೇಲೆ ಮಗುವಿನ ಎತ್ತರ ಗುರುತು ಹಾಕಿದ ಗೆರೆಗಳು. ಒಂದು ಮನೆಯ ಹಿಂದೆ ಬಟ್ಟೆ ಒಗೆಯುವ ಸದ್ದು ಕೇಳಿಸಿತು. ಯಾರೋ ಇದ್ದಾರಲ್ಲ ಎಂದು ಸಮಾಧಾನದಿಂದ ಬಗ್ಗಿ ನೋಡಿದರೆ ಕಿತ್ತುಹೋದ ಕಿಟಕಿಯ ಬಾಗಿಲು ಗಾಳಿಗೆ ಬಡಿಯುತ್ತಿತ್ತು. ಹೆಜ್ಜೆ ಜೋರು ಮಾಡಿದೆ.

ಯಜಮಾನರ ನಡುಮನೆಯ ಗೋಡೆಯಲ್ಲಿ ಒಂದೇ ಒಂದು ಫೋಟೋ. ಗಂಧದ ಹಾರ ಹಾಕಿ, ಕುಂಕುಮ ಇಟ್ಟಿದ್ದರು. ಹದಿನೈದು ಹದಿನಾರರ ಹುಡುಗ, ಸ್ಟುಡಿಯೋದಲ್ಲಿ ನಿಂತು ತೆಗೆಸಿದ್ದು. ಎಡಗಿವಿಯ ಹಾಲೆ ಸೀಳಿತ್ತು. ಫೋಟೋದ ಒಂದು ಅಂಚನ್ನು ಕತ್ತರಿಸಿದ್ದರು. ಅಂಚಿನ ಆಚೆಯಿಂದ ಬಂದ ಯಾರದೋ ಕೈಯ ನಾಲ್ಕು ಬೆರಳು ಹುಡುಗನ ಭುಜದ ಮೇಲಿದ್ದವು.

"ಇವರು ಯಾರು?"

"ತಮ್ಮ. ಹದಿನಾರಕ್ಕೇ ಹೋದ" ಎಂದು ಅವರು ಸಹಿ ಹಾಕಲು ತಲೆ ಬಗ್ಗಿಸಿದರು. ಅವರ ಎಡಗಿವಿ ನನ್ನ ಕಣ್ಣೆದುರಿಗೇ ಬಂತು. ಅದೇ ಜಾಗದಲ್ಲಿ, ಅದೇ ಓರೆಯಲ್ಲಿ ಹಾಲೆ ಸೀಳಿತ್ತು. ಅಣ್ಣ ತಮ್ಮಂದಿರ ಮೂಗು ಒಂದೇ ಥರ ಇರಬಹುದು, ಸೀಳು ಒಂದೇ ಥರ ಇರಲು ಹೇಗೆ ಸಾಧ್ಯ? ಕೊಟ್ಟ ಮಜ್ಜಿಗೆಯನ್ನು ಅರ್ಧಕ್ಕೇ ಇಟ್ಟು, ಬಸ್ಸಿಗೆ ಹೊತ್ತಾಯಿತು ಎಂದು ಎದ್ದುಬಂದೆ. ಸುಳ್ಳಲ್ಲ, ಹೆದರಿದ್ದೆ.

ಮೇ ಎರಡನೆಯ ವಾರ ಹಡಗಿನವರ ಮೇಲ್ ಬಂತು. ಆ ಪ್ರಯಾಣ ರದ್ದು, ಮಳೆಗಾಲ ಕಳೆದ ಮೇಲೆ ಬೇರೆ ದಿನ. ಅವರು ಕೊಟ್ಟ ದಿನ ಸರಿಯಾಗಿ ಮಹಾಲಯ ಅಮಾವಾಸ್ಯೆಗೆ ಬಿತ್ತು. ಸತ್ತ ಹಿರಿಯರಿಗೆ ಎಡೆ ಇಡುವ ದಿನ. "ಪಿತೃಪಕ್ಷದಲ್ಲಿ ಯಾರಾದ್ರೂ ಪ್ರಯಾಣ ಮಾಡ್ತಾರಾ ಮಾರಾಯ್ತಿ? ಮನೇಲಿ ಎಡೆ ಇಡೋರು ಯಾರು?" ಎಂದು ಕಾರ್ಯದರ್ಶಿ ಫೋನಿನಲ್ಲಿ ಕೂಗಾಡಿದರು. ಐವರು ಹಿಂದೆ ಸರಿದರು. ಉಳಿದವರು ಹನ್ನೊಂದು. ಅವರಲ್ಲಿ ಬಾಯ್ಲರ್ ಯಜಮಾನರು ಮಾತ್ರ, "ಆ ದಿನಾನೇ ಆಗಿದ್ದು ಒಳ್ಳೇದಾಯ್ತು" ಎಂದರಂತೆ.

ನಾನು ಹೊಸ ದಿನಕ್ಕೆ ಎಲ್ಲರ ವಯಸ್ಸನ್ನೂ ತಿದ್ದಲು ಕೂತೆ. ನಡುವೆ ಜೂನ್ ಒಂದು ದಾಟಿ ಹೋಗುತ್ತಿತ್ತು. ಆ ಒಂದೇ ದಿನ ಗುಂಪಿನ ಮುಕ್ಕಾಲು ಪಾಲು ಒಟ್ಟಿಗೆ ಒಂದು ವರ್ಷ ಮುದುಕರಾದರು. ಯಜಮಾನರ ಎಪ್ಪತ್ತೊಂಬತ್ತನ್ನು ಹೊಡೆದು ಎಂಬತ್ತು ಬರೆದೆ. ಬರೆದ ಮೇಲೆ ಪೆನ್ನು ನಿಂತಿತು. ನಮ್ಮ ಗುಂಪು ವಿಮೆ ಎಂಬತ್ತರ ಒಳಗಿನವರಿಗೆ ಮಾತ್ರ. ವಿಮೆ ಇಲ್ಲದವರನ್ನು ನಮ್ಮ ಆಫೀಸು ಕಳಿಸುವುದಿಲ್ಲ, ಅದು ನಾನೇ ಹಟ ಹಿಡಿದು ತಂದ ನಿಯಮ. ಫೋನು ಮಾಡಿ ವಿಷಯ ತಿಳಿಸಿದೆ.

ಆ ಶುಕ್ರವಾರ ಮಾಲೀಕರು ನಮಾಜಿಗೆ ಹೋಗಿದ್ದಾಗ ಯಜಮಾನರು ಆಫೀಸಿಗೆ ಬಂದರು. ಎದೆಗೆ ಅವಚಿಕೊಂಡಿದ್ದ ಪ್ಲಾಸ್ಟಿಕ್ ಕವರನ್ನು ಮೇಜಿನ ಮೇಲಿಟ್ಟು, ಬಾಗಿಲ ಕಡೆ ಒಮ್ಮೆ ನೋಡಿದರು.

"ಮೇಡಮ್ಮ, ನನಗೆ ಎಂಬತ್ತಾಗಿಲ್ಲ. ಎಪ್ಪತ್ತೇಳು."

"ಆಧಾರಿನ ಪ್ರಕಾರ ಜೂನಿಗೆ ಎಂಬತ್ತಾಗುತ್ತಲ್ಲ."

"ಅದು ನಮ್ಮಣ್ಣಂದು."

ಕವರಿನಿಂದ ಹಳದಿ ತಿರುಗಿದ ಕಾಗದ ತೆಗೆದರು. ಊರಿನ ಜನನ ಮರಣದ ಪುಸ್ತಕದಿಂದ ಇಳಿಸಿಕೊಂಡ ನಕಲು. ಒಬ್ಬ ಹುಡುಗ, ವಯಸ್ಸು ಹದಿನಾರು, ಜ್ವರದಿಂದ ಸತ್ತ ಎಂದಿತ್ತು. "ಅದು ನಾನು" ಎಂದರು.

ಅವರು ಹೇಳಿದ್ದನ್ನು ಹೇಳಿದ ಕ್ರಮದಲ್ಲೇ ಬರೆಯುತ್ತೇನೆ. ಅಣ್ಣ ಎಸ್ಸೆಸ್ಸೆಲ್ಸಿ ಪಾಸು. ಅವನಿಗೆ ಕಾರ್ಖಾನೆಯ ನೌಕರಿಯ ಆರ್ಡರು ಬಂದ ಎಂಟನೇ ದಿನ ಜ್ವರ ಬಂದು ಸತ್ತ. ಹತ್ತೊಂಬತ್ತು ವರ್ಷ. ಅಪ್ಪ ಅಳುತ್ತಲೇ ಶಾನುಭೋಗರ ಮನೆಗೆ ಹೋಗಿ, ಸತ್ತವನು ಕಿರಿಯವನು ಎಂದು ಬರೆಸಿ ಬಂದ. ಆ ವಾರವೇ ಊರು ಬಿಟ್ಟು ಭದ್ರಾವತಿಗೆ ಬಂದರು. ಅಣ್ಣನ ಹೆಸರು, ಅಣ್ಣನ ಮಾರ್ಕ್ಸ್ ಕಾರ್ಡು, ಅಣ್ಣನ ಅಂಗಿ ಹಾಕಿಕೊಂಡು ಇವರು ಗೇಟಿನೊಳಗೆ ಹೋದರು.

"ಮದುವೆ ಕಾಗದದಲ್ಲೂ ಅವನ ಹೆಸರೇ. ನನ್ನ ಹೆಂಡ್ತಿಗೂ ಗೊತ್ತಿರ್ಲಿಲ್ಲ. ಗಂಡನ ಹೆಸರು ಹೇಳಬಾರ್ದಲ್ಲ, ಅವಳೂ ಹೇಳ್ಲಿಲ್ಲ, ನಾನೂ ಬಚಾವಾದೆ. ಅವ್ವ ಒಬ್ಬಳೇ ನನ್ನ ಹೆಸರು ಕರೀತಿದ್ದಿದ್ದು, ಅದೂ ಒಳಗೆ, ಮೆತ್ತಗೆ. ಅವಳು ಹೋಗಿ ನಲವತ್ತು ವರ್ಷ ಆಯ್ತು."

"ಆ ಫೋಟೋ?"

"ನಂದೇ. ಇಬ್ರೂ ನಿಂತು ತೆಗೆಸ್ಕೊಂಡಿದ್ದು. ಅಣ್ಣನ ಮುಖ ಯಾರಾದ್ರೂ ಗುರುತು ಹಿಡಿದ್ರೆ ಅಂತ ಅಪ್ಪ ಅವನ ಅರ್ಧಾನ ಕತ್ತರಿಸಿ ಒಲೆಗೆ ಹಾಕಿದ. ಭುಜದ ಮೇಲಿರೋ ಬೆರಳು ಅವಂದು. ಅಷ್ಟೇ ಉಳಿದಿರೋದು."

ಅವರು ತಣ್ಣಗೆ ಮುಂದುವರಿಸಿದರು. "ಮಹಾಲಯ ಅಮಾಸೆಗೆ ಅವ್ವ ಎಡೆ ಇಡೋಳು. ಲೈನ್ ಮನೆ, ಅಕ್ಕಪಕ್ಕದೋರಿಗೆ ಕೇಳ್ಸುತ್ತಲ್ಲ, ಸತ್ತೋನು ಅಂತ ನನ್ನ ಹೆಸರೇ ಕರೆದು ಇಡೋಳು. ಆಮೇಲೆ ಆ ಎಡೇನ ನನಗೇ ಬಡಿಸೋಳು. ಅವಳು ಹೋದ ಮೇಲೆ ನಾನೇ ಇಡ್ತೀನಿ, ನಾನೇ ಉಣ್ತೀನಿ. ಅಣ್ಣನ ಹೆಸರಲ್ಲಿ ಇಲ್ಲೀವರೆಗೆ ಒಂದು ತುತ್ತು ಇಟ್ಟಿಲ್ಲ ತಾಯಿ. ಹೆಂಗಿಡ್ಲಿ? ಬದುಕಿರೋನಿಗೆ ಎಡೆ ಇಟ್ಟಂಗೆ ಆಗ್ತಿತ್ತು. ಅವನು ಸಂಬಳ ತಗೊಳ್ತಿದ್ದ, ಓಟು ಹಾಕ್ತಿದ್ದ."

"ಹಡಗು ಯಾಕೆ?"

"ಆರ್ಡರು ಬಂದ ದಿನ ಹೇಳಿದ್ದ, ಮೊದಲ್ನೇ ಸಂಬಳದಲ್ಲಿ ನಿಂಗೆ ಸಮುದ್ರ ತೋರಿಸ್ತೀನಿ ಅಂತ. ಆ ಸಂಬಳ ನಾನು ತಗೊಂಡೆ, ಸಮುದ್ರ ನೋಡೋ ಮನಸ್ಸು ಬರ್ಲಿಲ್ಲ. ನೆಲದ ಮೇಲೆ ಎಡೆ ಇಡೋಕೆ ಧೈರ್ಯ ಇಲ್ಲ. ಅಲ್ಲಿ ನಮ್ಮೋರು ಯಾರೂ ಇರಲ್ಲ, ಇಡ್ತೀನಿ." ಆ ನಕಲನ್ನು ನನ್ನ ಕಡೆ ಸರಿಸುತ್ತಾ ಹೇಳಿದರು. "ನೀವು ಸಿಂಗಪುರದ್ದು ಅಂದ್ರಿ. ಅವನಿಗೆ ಈಗ್ಲೂ ಹತ್ತೊಂಬತ್ತೇ ಅಲ್ವಾ. ಮುದುಕರ ಜೊತೆ ಅವನಿಗೆ ಬೇಜಾರಾಗುತ್ತೆ."

ಅವರಿಗೆ ಎಪ್ಪತ್ತೇಳು ಎನ್ನಲು ಇದ್ದ ಒಂದೇ ದಾಖಲೆ ಅವರು ಹದಿನಾರಕ್ಕೇ ಸತ್ತರು ಎನ್ನುವ ದಾಖಲೆ. ಅದನ್ನು ಯಾವ ವಿಮೆಯವರಿಗೆ ಕೊಡಲಿ? ಆಧಾರ್ ತಿದ್ದಿಸಲು ಹೊರಟರೆ ನಲವತ್ತು ವರ್ಷದ ಹತ್ತಿರ ದುಡಿದ ನೌಕರಿಯೇ ಸುಳ್ಳಾಗುತ್ತಿತ್ತು, ಪಿಂಚಣಿಯೂ ಅದರ ಹಿಂದೆಯೇ. ನನಗೆ ಸಿಟ್ಟೂ ಬಂತು. ಇಷ್ಟು ವರ್ಷ ಒಂದು ಅಕ್ಷರ ತಪ್ಪಿದ್ದಕ್ಕೆ ಎಷ್ಟು ಜನರನ್ನು ವಾಪಸು ಕಳಿಸಿದ್ದೇನೆ, ಇಲ್ಲಿ ಇಡೀ ಮನುಷ್ಯನೇ ತಪ್ಪು. "ಸೋಮವಾರ ಹೇಳ್ತೀನಿ" ಎಂದು ಕಳಿಸಿದೆ.

ಮಾಲೀಕರಿಗೆ ಎಂಬತ್ತರ ವಿಷಯ ಮಾತ್ರ ಹೇಳಿದೆ. "ಎಂಬತ್ತು ಅಂದ್ರೆ ಎಂಬತ್ತು, ಬಿಟ್ಬಿಡಮ್ಮ. ರೂಲು ಯಾರದು? ನಿಂದೇ" ಎಂದರು. ಸರಿಯೇ. ಹೊಸಮನೆ ಬಡಾವಣೆಯ ನನ್ನ ಮನೆಯಲ್ಲಿ ಶನಿವಾರ, ಭಾನುವಾರ ಎರಡು ದಿನವೂ ಆ ನಾಲ್ಕು ಬೆರಳು ಕಣ್ಣ ಮುಂದೆ ಬರುತ್ತಿದ್ದವು. ಅಡುಗೆ ಮಾಡುವಾಗ ಯಾರೋ ಭುಜ ಮುಟ್ಟಿದಂತಾಗಿ ಎರಡು ಸಲ ಹಿಂದೆ ತಿರುಗಿದೆ.

ಭಾನುವಾರ ಸಂಜೆ ಹಡಗಿನವರ ನಿಯಮಗಳನ್ನು ಮೊದಲಿಂದ ಓದಿದೆ. ಅವರಲ್ಲಿ ವಯಸ್ಸಿಗೆ ಮೇಲಿನ ಮಿತಿ ಇರಲಿಲ್ಲ. ಎಂಬತ್ತು ತುಂಬಿದವರು ಡಾಕ್ಟರ ಸರ್ಟಿಫಿಕೇಟು ತರಬೇಕು, ಜೊತೆಗೆ ಒಬ್ಬರು ಜವಾಬ್ದಾರಿಗೆ ಸಹಿ ಹಾಕಿ ಅದೇ ಹಡಗಿನಲ್ಲಿ ಹೋಗಬೇಕು. ತಡೆದಿದ್ದು ನನ್ನ ನಿಯಮವೊಂದೇ. ಸೋಮವಾರ ಯಜಮಾನರನ್ನು ಗುಂಪು ವಿಮೆಯಿಂದ ಹೊರತೆಗೆದು, ಬೇರೆ ಟಿಕೆಟ್ಟು ಮಾಡಿ, ಸಹಪ್ರಯಾಣಿಕರ ಜಾಗದಲ್ಲಿ ನನ್ನ ಹೆಸರು ಬರೆದೆ. ವಯಸ್ಸು ಎಂಬತ್ತು, ಮೇಲಿನ ವಿವರ ನನಗೆ ತಿಳಿದಮಟ್ಟಿಗೆ ನಿಜ ಎಂದು ಸಹಿ ಹಾಕಿದೆ. ತಿಳಿದೂ ತಿಳಿದೂ ನಾನು ಬರೆದ ಮೊದಲ ಸುಳ್ಳು ಅದು, ಅದಕ್ಕೂ ಪಕ್ಕಾ ದಾಖಲೆಯಿತ್ತು. ಮಾಲೀಕರು ನನ್ನ ಮುಖ ನೋಡಿ, "ಸಮುದ್ರ ಕಂಡ್ರೆ ವಾಂತಿ ಬರುತ್ತೆ ಅಂತಿದ್ದೆ?" ಎಂದಷ್ಟೇ ಕೇಳಿದರು.

ಭದ್ರಾವತಿಯ ಡಾಕ್ಟರು ಇಸಿಜಿ ಪಟ್ಟಿ ಹಿಡಿದು, "ಎಂಬತ್ತಕ್ಕೆ ಇಂಥಾ ಹಾರ್ಟಾ? ಹತ್ತೊಂಬತ್ತರ ಹುಡುಗಂದು ಇದ್ದಂಗಿದೆ" ಎಂದು ನಕ್ಕರು. ಯಜಮಾನರು ನಗಲಿಲ್ಲ, ನಾನೂ ನಗಲಿಲ್ಲ.

ಇನ್ನು ಉಳಿದದ್ದು ಕೊರಳಿಗೆ ಹಾಕುವ ಕಾರ್ಡು. ನಮ್ಮ ಆಫೀಸಿನಿಂದ ಹೋಗುವ ಪ್ರತಿಯೊಬ್ಬರಿಗೂ ಹೆಸರು, ವಯಸ್ಸು, ನನ್ನ ಫೋನ್ ನಂಬರು ಬರೆದ ಒಂದು ಕಾರ್ಡು ಕೊಡುತ್ತೇವೆ. ಅದು ಸರ್ಕಾರದ್ದಲ್ಲ, ಹಡಗಿನದ್ದಲ್ಲ, ಅದನ್ನು ಯಾರೂ ಪರೀಕ್ಷಿಸುವುದಿಲ್ಲ. ಹತ್ತು ಕಾರ್ಡು ಬರೆದೆ. ಹನ್ನೊಂದನೆಯದನ್ನು ಆ ಮರಣದ ನಕಲನ್ನು ಪಕ್ಕದಲ್ಲಿಟ್ಟುಕೊಂಡು, ಅಕ್ಷರ ತಪ್ಪದಂತೆ ಮೂರು ಸಲ ಓದಿ ಬರೆದು, ಕವರಿನಲ್ಲಿ ಹಾಕಿ ಅಂಟಿಸಿದೆ. "ಅಲ್ಲಿಗೆ ಹೋದ ಮೇಲೆ ತೆಗೀರಿ" ಎಂದು ಅವರ ಕೈಗೆ ಕೊಟ್ಟೆ.

ಹಡಗಿನಲ್ಲಿ ನನ್ನ ಪಾಠ ಸುಳ್ಳಾಗಲಿಲ್ಲ. ಎಲ್ಲಿ ನೋಡಿದರೂ ಇಪ್ಪತ್ತರ ಆಸುಪಾಸಿನವರು, ಈಜುಕೊಳದ ಪಕ್ಕ ಡಿಜೆ, ನಮ್ಮ ಹನ್ನೊಂದು ಜನರೇ ಎಲ್ಲರಿಗಿಂತ ಮುದುಕರು. ಹೊರಡುವ ಮೊದಲು ಅಪಾಯ ಬಂದರೆ ಎಲ್ಲಿ ಸೇರಬೇಕೆಂದು ತೋರಿಸಲು ಎಲ್ಲರನ್ನೂ ಒಂದೆಡೆ ನಿಲ್ಲಿಸಿ, ಹಡಗಿನ ಹುಡುಗಿಯೊಬ್ಬಳು ಹೆಸರು ಕೂಗಿದಳು. ಯಜಮಾನರ ಆಧಾರಿನ ಹೆಸರು ಬಂತು. ಅವರು ಪಕ್ಕಕ್ಕೆ ತಿರುಗಿದರು, ಅಲ್ಲಿ ಯಾರೂ ನಿಂತಿರಲಿಲ್ಲ. ಒಂದು ಗಳಿಗೆ ಕಾದರು.

"ಬಂದಿದ್ದಾನೆ" ಎಂದರು.

"ಬಂದಿದ್ದೀನಿ ಅನ್ನಪ್ಪ, ಅರಳುಮರಳು" ಎಂದು ಕಾರ್ಯದರ್ಶಿ ನಕ್ಕರು. ಹುಡುಗಿಗೆ ಕನ್ನಡ ಬಾರದು, ಗುರುತು ಹಾಕಿಕೊಂಡು ಮುಂದೆ ಹೋದಳು.

ಸಂಜೆ ಸೂರ್ಯ ಮುಳುಗುವ ಮೊದಲು ಮೇಲಿನ ಅಂತಸ್ತಿನಲ್ಲಿ ಊಟ. ಯಜಮಾನರು ಸಮುದ್ರದ ಕಡೆಯ ಮೇಜು ಹಿಡಿದಿದ್ದರು. ಎರಡು ತಟ್ಟೆ ತಂದಿದ್ದರು. ಒಂದನ್ನು ತಮ್ಮ ಮುಂದಿಟ್ಟು, ಇನ್ನೊಂದನ್ನು ಪಕ್ಕದ ಖಾಲಿ ಕುರ್ಚಿಯ ಮುಂದೆ ಇಟ್ಟು, ಅದರಲ್ಲಿ ಅನ್ನ, ಪಲ್ಯ, ಸಿಹಿ ಎಲ್ಲ ಸ್ವಲ್ಪ ಸ್ವಲ್ಪ ಬಡಿಸಿದ್ದರು. ತಟ್ಟೆಯ ಹತ್ತಿರ ಅಣ್ಣನ ಹೆಸರಿದ್ದ ರೂಮಿನ ಕಾರ್ಡು. ಗೋಡೆಯ ಫೋಟೋವನ್ನೂ ಚೌಕಟ್ಟಿನಿಂದ ಬಿಡಿಸಿ ತಂದಿದ್ದರು, ಹಾರ ಇರಲಿಲ್ಲ. ಕತ್ತರಿಸಿದ ಅಂಚು ಖಾಲಿ ಕುರ್ಚಿಯ ಕಡೆಗಿತ್ತು. ನಾನು ಎದುರಿಗೆ ಕೂತೆ.

ಹತ್ತೊಂಬತ್ತು ಇಪ್ಪತ್ತರ ಹುಡುಗನೊಬ್ಬ ಬಂದು, ಈ ಕುರ್ಚಿ ತಗೊಳ್ಳಲೇ ಎಂದು ಹಿಂದಿಯಲ್ಲಿ ಕೇಳಿದ. ಯಜಮಾನರು ಕುರ್ಚಿಯ ಬೆನ್ನಿನ ಮೇಲೆ ಕೈ ಇಟ್ಟು, "ಆದ್ಮೀ ಹೈ" ಎಂದರು. ಹುಡುಗ ಕುರ್ಚಿಯನ್ನೊಮ್ಮೆ, ತಟ್ಟೆಯನ್ನೊಮ್ಮೆ ನೋಡಿ, ಸಾರಿ ಎಂದು ಹೋದ.

ಆಮೇಲೆ ಅವರು ಆ ಕಡೆ ಬಗ್ಗಿ ಅಣ್ಣನ ಹೆಸರನ್ನು ಮೆಲ್ಲಗೆ ಕರೆದರು. "ಉಣ್ಣೋ. ಸಮುದ್ರ ನೋಡ್ದೆಯಲ್ಲ" ಎಂದರು. ಅರವತ್ತು ವರ್ಷ ತಾವೇ ಓಗೊಟ್ಟ ಹೆಸರು ಅದು. ನನ್ನ ಕಣ್ಣು ತುಂಬಿತ್ತು, ಅವರದು ಒಣಗಿಯೇ ಇತ್ತು. ಜೇಬಿನಿಂದ ನಾನು ಕೊಟ್ಟ ಕವರನ್ನು ತೆಗೆದು ಹರಿದರು. ಕಾರ್ಡನ್ನು ಓದಿದರು. ತಡವರಿಸುತ್ತಾ ಕೊರಳಿಗೆ ಹಾಕಿಕೊಂಡರು.

"ತಾಯಿ, ಒಂದ್ಸಲ ಕೂಗಿ. ಅವತ್ತು ಭವನದಲ್ಲಿ ಕೂಗಿದ್ರಲ್ಲ, ಹಂಗೇ."

ನಾನು ಎದ್ದು ನಿಂತು ಕಾರ್ಡಿನಲ್ಲಿದ್ದ ಹೆಸರು ಕೂಗಿದೆ. "ಹಾಲೇಶಪ್ಪ, ಎಪ್ಪತ್ತೇಳು."

"ಓ" ಎಂದು ಅವರು ಕೈ ಎತ್ತಿದರು, ನನ್ನನ್ನೇ ನೋಡುತ್ತಾ. ಪಕ್ಕಕ್ಕೆ ತಿರುಗಲಿಲ್ಲ.

ಖಾಲಿ ಕುರ್ಚಿಯ ಕಡೆ ತಿರುಗಿ ನೋಡಿದವಳು ನಾನು.